ಜಿನಶ್ರೀ ಮಾಡಿದ ಕೈ

ಹಾಸನದ ಪೇಟೆಯೊಳಗಿನ ಒಂದು ಗಲ್ಲಿಯಲ್ಲಿ, ಸ್ಟೇಷನರಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಲ್ಲು ಕಟ್ಟುವ ಲ್ಯಾಬ್ ಒಂದಿದೆ. ಅಲ್ಲಿಗೆ ರೋಗಿಗಳು ಬರುವುದಿಲ್ಲ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಲ್ಯಾಬಿನವರು ಅದಕ್ಕೆ ಹೊಂದುವ ಹಲ್ಲು ಕಟ್ಟಿ ಡಬ್ಬಿಯಲ್ಲಿಟ್ಟು ವಾಪಸ್ ಕಳಿಸುತ್ತಾರೆ. ಜಿನಶ್ರೀ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಾಳೆ. ಜಿಲ್ಲೆಯಲ್ಲಿ ಎಷ್ಟೋ ಜನ ಅವಳು ಕಟ್ಟಿದ ಹಲ್ಲಿನಲ್ಲಿ ರೊಟ್ಟಿ ಕಚ್ಚುತ್ತಾರೆ. ಅವರಲ್ಲಿ ಒಬ್ಬರಿಗೂ ಅವಳ ಹೆಸರು ಗೊತ್ತಿಲ್ಲ.

ಅವಳಿಗೆ ಸಿಟ್ಟು ಜಾಸ್ತಿ. ಬಲ್ಲವರೆಲ್ಲ ಇದನ್ನೇ ಮೊದಲು ಹೇಳುತ್ತಾರೆ, ಅವಳೂ ಅಲ್ಲಗಳೆಯುವುದಿಲ್ಲ. ಅರಕಲಗೂಡಿನ ರಾಮಣ್ಣ ಎಂಬ ನಿವೃತ್ತ ಮೇಷ್ಟ್ರಿಗೆ ಹಾಕಿದ ಹಲ್ಲಿನ ಸೆಟ್ಟು ವಸಡು ಕೊರೆದು ಹುಣ್ಣು ಮಾಡಿತ್ತು. ಅವರ ವೈದ್ಯರು ‘ಲ್ಯಾಬಿನವರ ತಪ್ಪು’ ಎಂದು ಕೈತೊಳೆದುಕೊಂಡರು. ಜಿನಶ್ರೀ ಮರುದಿನ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಿ ಮೇಷ್ಟ್ರ ಮನೆ ಹುಡುಕಿಕೊಂಡು ಹೋದಳು. ಜಗುಲಿಯಲ್ಲಿ ಕೂತು, ಆ ಸೆಟ್ಟನ್ನು ಅರದಲ್ಲಿ ಉಜ್ಜಿ ಉಜ್ಜಿ ಸರಿ ಮಾಡಿ, ಅವರು ಒಂದು ಚಕ್ಕುಲಿ ಅಗಿದು ನುಂಗುವವರೆಗೂ ಎದುರಿಗೇ ಇದ್ದಳು. ಅಲ್ಲಿಂದ ನೆಟ್ಟಗೆ ಆ ವೈದ್ಯರ ಕ್ಲಿನಿಕ್ಕಿಗೆ ಬಂದು, ಕಾಯುತ್ತಿದ್ದ ರೋಗಿಗಳ ಮುಂದೆಯೇ, “ಅಚ್ಚು ತಗಂಡಿದ್ದೇ ಸೊಟ್ಟ ಸಾ ನೀವು. ನನ್ ಕೆಲ್ಸಕ್ಕೆ ಹೆಸರಿಡಬ್ಯಾಡಿ,” ಎಂದು ಹೇಳಿ ಹೋದಳು.

ಹುಟ್ಟಿದ್ದು ಶ್ರವಣಬೆಳಗೊಳದ ಒಂದು ಜೈನರ ಮನೆಯಲ್ಲಿ. ಅಪ್ಪನಿಗೆ ಬೆಟ್ಟದ ಕೆಳಗೆ ಹಿತ್ತಾಳೆ ಪಾತ್ರೆಗಳ ಸಣ್ಣ ಅಂಗಡಿಯಿತ್ತು. ಅಕ್ಕ ಬ್ರಾಹ್ಮಿ ಚನ್ನರಾಯಪಟ್ಟಣದ ಟೈಲ್ಸ್ ವ್ಯಾಪಾರಿಯನ್ನು ಮದುವೆಯಾದಳು. ಜಿನಶ್ರೀ ಮದುವೆಯಾಗಲಿಲ್ಲ. ಅಕ್ಕನ ಒಬ್ಬನೇ ಮಗ ಅತಿಶಯ್‌ನನ್ನು ಹೊಟ್ಟೆಯಲ್ಲಿ ಹುಟ್ಟಿದವನ ಹಾಗೆ ನೋಡಿಕೊಂಡಳು. ಅವನ ರಜೆಯೆಲ್ಲ ಚಿಕ್ಕಮ್ಮನ ಮನೆಯಲ್ಲೇ ಕಳೆಯುತ್ತಿತ್ತು.

ಈ ಅತಿಶಯ್ ಆಗ ಇಪ್ಪತ್ತೊಂದರ ಹುಡುಗ. ಹಾಸನದ ಒಂದು ಕಾಲೇಜಿನಲ್ಲಿ ಮಾಧ್ಯಮದ ಪದವಿ ಓದುತ್ತಿದ್ದ. ಕೊನೆಯ ವರ್ಷ ಪ್ರತಿ ತಂಡವೂ ಒಂದು ಕಿರುಚಿತ್ರ ಮಾಡಬೇಕು. ಇವನ ತಂಡದ್ದು ಥ್ರಿಲ್ಲರ್. ನಾಲೆಯ ಪಕ್ಕದ ಊರಿನಲ್ಲಿ ಹುಡುಗಿಯೊಬ್ಬಳ ಕೊಲೆಯಾಗುತ್ತದೆ, ತೂಬಿನ ಕಬ್ಬಿಣದ ಜಾಲರಿಗೆ ಅವಳ ಕೈ ಬಂದು ಸಿಕ್ಕಿಕೊಳ್ಳುತ್ತದೆ, ಕಥೆ ಅಲ್ಲಿಂದ ಶುರು.

“ಪ್ರಾಪರ್ಟಿ ಎಲ್ಲ ನೀನೇ ನೋಡ್ಕೋಬೇಕು ಚಿಕ್ಕಮ್ಮಾ,” ಎಂದ.

“ಯಾವ ಪ್ರಾಪರ್ಟಿ ಐತ್ಲಾ ನಂತವ? ಒಂದು ಗೇಣು ಜಾಗ ಇಲ್ಲ.”

ಅವನು ನಕ್ಕು ಬಿಡಿಸಿ ಹೇಳಿದ. ಸಿನಿಮಾದಲ್ಲಿ ಪಾತ್ರಗಳು ಹಿಡಿಯುವ, ಬಳಸುವ ಸಾಮಾನಿಗೆಲ್ಲ ಪ್ರಾಪರ್ಟಿ ಎನ್ನುತ್ತಾರಂತೆ. ಅವಳಿಗೆ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಹಲ್ಲು ಬಿಟ್ಟು ಬೇರೇನಾದರೂ ಮಾಡು ಎಂದು ಅವಳನ್ನು ಕೇಳಿದವನು ಅವನೊಬ್ಬನೇ.

ನಾಲ್ಕು ಭಾನುವಾರ ಅದೇ ಕೆಲಸ. ಹೊಳೆನರಸೀಪುರದ ಗುಜರಿ ಅಂಗಡಿಯಲ್ಲಿ ಬೆರಳು ತೂರಿಸಿ ತಿರುಗಿಸುವ ಹಳೇ ಫೋನ್ ಹುಡುಕಿದಳು. ಚನ್ನರಾಯಪಟ್ಟಣದ ಸಂತೆಯಲ್ಲಿ ತುಕ್ಕು ಹಿಡಿದ ಕುಡುಗೋಲು ಸಿಕ್ಕಿತು. ಯಾರಿಗೂ ತಾಗಬಾರದೆಂದು ಲ್ಯಾಬಿನ ಯಂತ್ರಕ್ಕೆ ಕೊಟ್ಟು ಅದರ ಬಾಯಿ ಮೊಂಡು ಮಾಡಿದಳು. ಹಲ್ಲಿನ ಪ್ಲಾಸ್ಟರಿನಲ್ಲಿ ಒಂದು ಪಿಸ್ತೂಲು ಎರೆದು, ಪೆನ್ಸಿಲ್ಲಿನ ಸೀಸದ ಪುಡಿ ಉಜ್ಜಿ ಕಬ್ಬಿಣದ ಹೊಳಪು ತಂದಳು. ರಕ್ತಕ್ಕೆ ಜೇನುತುಪ್ಪ ಹಾಕಿದರೆ ಮಂದವಾಗಿ ಬರುತ್ತದೆ ಎಂದು ಅತಿಶಯ್ ಯಾವುದೋ ವಿಡಿಯೋ ತೋರಿಸಿದ. “ಜೇನು ಮುಟ್ಟಲ್ಲ ನಾನು, ಗೊತ್ತಿಲ್ವ ನಿಂಗೆ? ನೀನೂ ಮುಟ್ಟಂಗಿಲ್ಲ,” ಎಂದು ಗದರಿ, ಸಕ್ಕರೆ ಪಾಕಕ್ಕೆ ಬಣ್ಣ ಮತ್ತು ಚಿಟಿಕೆ ಕೋಕೋ ಪುಡಿ ಕಲಸಿ ರಕ್ತ ಮಾಡಿದಳು. ಹತ್ತು ಸಲ ಕೆಡಿಸಿ ಹನ್ನೊಂದನೇ ಸಲಕ್ಕೆ ಸರಿಬಂತು.

ಕೊನೆಗೆ ಕೈ.

ಕೊಲೆಯಾಗುವವಳ ಪಾತ್ರದ ದೀಪಶ್ರೀ ಎಂಬ ಹುಡುಗಿಯನ್ನು ಲ್ಯಾಬಿಗೆ ಕರೆತಂದರು. ಬಾಯಿಯ ಅಚ್ಚು ತೆಗೆಯುವ ಗುಲಾಬಿ ಪುಡಿಯನ್ನು ಜಿನಶ್ರೀ ಬಕೆಟ್ಟಿನಲ್ಲಿ ಕಲಸಿ, ಅವಳ ಬಲಗೈಯನ್ನು ಮೊಣಕೈ ಹತ್ತಿರದವರೆಗೂ ಮುಳುಗಿಸಿದಳು. ನಾಲ್ಕು ನಿಮಿಷ ಅಲ್ಲಾಡಬಾರದು. ಹುಡುಗಿ ನಗುತ್ತಲೇ ಇದ್ದಳು. ಕೈ ತೆಗೆದ ಮೇಲೆ ಉಳಿದ ಟೊಳ್ಳಿಗೆ ಸಿಲಿಕೋನ್ ರಬ್ಬರ್ ಹುಯ್ದದ್ದಾಯಿತು. ನಿಜವಾದ ಕೆಲಸ ಆಮೇಲೆ. ವಸಡಿಗೆ ಹಚ್ಚುವ ಬಣ್ಣದಲ್ಲಿ ಚರ್ಮ, ಹಲ್ಲಿನ ಅಕ್ರಿಲಿಕ್ಕಿನಲ್ಲಿ ಉಗುರು, ಉಗುರಿನಡಿ ಸಣ್ಣ ನೀಲಿ. ಮುಂಗೈ ಮೇಲೆ ಒಂದೊಂದೇ ರೋಮ ಸೂಜಿಯಲ್ಲಿ ಚುಚ್ಚಿ ನೆಟ್ಟಳು.

ಅತಿಶಯ್ ಒಂದು ಚೀಟಿ ಕೊಟ್ಟಿದ್ದ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ, ಅರ್ಧಚಂದ್ರದ ಆಕಾರ. ಕಿರುಬೆರಳಿನ ಉಗುರು ಸೀಳಿರಬೇಕು. ಹಸಿರು ಗಾಜಿನ ಬಳೆ.

“ಇಷ್ಟೆಲ್ಲ ಯಾಕ್ಲಾ? ಒಂದ್ ನಿಮಿಷ ಕಾಣೋ ಕೈಗೆ?”

“ಡೀಟೈಲ್ ಚಿಕ್ಕಮ್ಮಾ. ಡೀಟೈಲ್ ಇದ್ರೇನೇ ಜನ ನಂಬೋದು.”

ಆ ಮಾತು ಅವಳಿಗೆ ಹಿಡಿಸಿತು. ಅದು ಅವಳದೇ ಮಾತಿನ ಹಾಗಿತ್ತು.

ಶೂಟಿಂಗ್ ನಡೆದದ್ದು ಹೋದ ವರ್ಷ ಆಗಸ್ಟಿನಲ್ಲಿ, ನಾಲೆಗೆ ನೀರು ಬಿಟ್ಟಿದ್ದಾಗ, ಹೊಳೆನರಸೀಪುರದ ಆಚೆಯ ಒಂದು ಕೊಪ್ಪಲಿನ ಹತ್ತಿರ. ಶೂಟಿಂಗ್ ಮುಗಿದ ಮರುದಿನ, ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಜಿನಶ್ರೀ ಲ್ಯಾಬಿನಲ್ಲಿ ಮೇಣ ಕೆತ್ತುತ್ತಿದ್ದಳು. ಪಕ್ಕದ ಮೇಜಿನವನು ಫೋನ್ ಮುಂದೆ ಹಿಡಿದ. “ನೋಡಿ ಮೇಡಂ, ನಾಲೇಲಿ ಹುಡುಗಿ ಕೈ ಸಿಕ್ಕೈತಂತೆ. ಎಂಥಾ ಕಾಲ ಬಂತು.”

ತೂಬಿನ ಜಾಲರಿ. ಹಸಿರು ಬಳೆ. ಉಗುರಿನಡಿಯ ನೀಲಿ. ತನ್ನ ಕೆಲಸವನ್ನು ಅವಳು ಎಲ್ಲಿ ನೋಡಿದರೂ ಗುರುತಿಸಬಲ್ಲಳು. ದಡದ ತುಂಬ ಜನ, ಎರಡು ಪೊಲೀಸ್ ಜೀಪು, ಹಗ್ಗ ಕಟ್ಟಿದ ನಾಯಿ.

ಅತಿಶಯ್‌ಗೆ ಫೋನ್ ಮಾಡಿದಳು. ಅವನು ಏದುಸಿರು ಬಿಡುತ್ತ ನಗುತ್ತಿದ್ದ. “ಚಿಕ್ಕಮ್ಮಾ, ಪೊಲೀಸ್ರೂ ನಂಬ್ಬಿಟ್ರು! ನೀನು ಜೀನಿಯಸ್ ಕಣೇ!”

“ಓಗಿ ಯೋಳ್ದಾ ಅವ್ರಿಗೆ, ರಬ್ಬರ್ ಅಂತ?”

“ಹೇಳ್ತೀವಿ, ಹೇಳ್ತೀವಿ. ಸ್ವಲ್ಪ ಹೊತ್ತು.”

ಅವಳು ಏಪ್ರನ್ ಕೂಡ ಬಿಚ್ಚಲಿಲ್ಲ. ಹೊಳೆನರಸೀಪುರದ ಬಸ್ಸು ಹತ್ತಿದಳು. ಊರು ತಲುಪಿ ಬಸ್ ನಿಲ್ದಾಣದಿಂದ ಆಟೋಗೆ ಓಡುವಾಗ ಕಂಬವೊಂದಕ್ಕೆ ಅಂಟಿಸಿದ್ದ ಕಾಗದ ಕಣ್ಣಿಗೆ ಬಿತ್ತು. ‘ಕಾಣೆಯಾಗಿದ್ದಾಳೆ’ ಎಂಬ ದಪ್ಪ ಅಕ್ಷರ, ಕೆಳಗೆ ಯಶಸ್ವಿನಿ, ಹತ್ತೊಂಬತ್ತು ವರ್ಷ ಎಂದಿತ್ತು. ಫೋಟೋದ ಕೆಳಗೆ ಚಹರೆ: ಬಲಗೈ ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದಂಥ ಸುಟ್ಟ ಕಲೆ. ಕಿರುಬೆರಳಿನ ಉಗುರು ಸೀಳಿದೆ. ಹಸಿರು ಗಾಜಿನ ಬಳೆ ಧರಿಸಿದ್ದಳು.

ಜಿನಶ್ರೀ ಅದನ್ನು ಎರಡು ಸಲ ಓದಿದಳು. ಆಟೋದವನು ಕರೆಯುತ್ತಿದ್ದ. ಅವಳು ಕಾಗದವನ್ನು ಕಂಬದಿಂದ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಆಟೋ ಹತ್ತಿದಳು.

ನಾಲೆಯ ದಡದಲ್ಲಿ ಒಬ್ಬ ಹೆಂಗಸು ಕೆಸರಿನಲ್ಲಿ ಕೂತಿದ್ದಳು. ಸುತ್ತ ನಾಲ್ಕಾರು ಹೆಂಗಸರು ಅವಳನ್ನು ಹಿಡಿದುಕೊಂಡಿದ್ದರು. ಅವಳೇ ಯಶಸ್ವಿನಿಯ ತಾಯಿ, ದೊಡ್ಡತಾಯಮ್ಮ. ಗಂಟಲು ಒಡೆದುಹೋಗಿ, ಅತ್ತರೆ ಸದ್ದೇ ಬರುತ್ತಿರಲಿಲ್ಲ. ಬೆಳಿಗ್ಗೆ ಬಟ್ಟೆ ಒಗೆಯಲು ಬಂದ ಹೆಂಗಸರು ಕೈ ನೋಡಿ ಕಿರುಚಿದ್ದರು. ಕಲೆಯ ಗುರುತು ಹಿಡಿದು ಅವಳನ್ನೇ ಓಡಿಹೋಗಿ ಕರೆತಂದಿದ್ದರು. ಅವಳು ನೋಡಿ, ‘ನನ್ ಕೂಸಿಂದೇಯ’ ಎಂದಿದ್ದಳು.

ಕೈಯನ್ನು ಪೊಲೀಸರು ಐಸ್ ಹಾಕಿದ ಥರ್ಮೋಕೋಲ್ ಡಬ್ಬಿಯಲ್ಲಿ ಇಟ್ಟಿದ್ದರು. ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ದಾಟಿ ಜಿನಶ್ರೀ ಒಳಗೆ ನುಗ್ಗಿದಳು.

“ಸಾ, ಅದು ರಬ್ಬರ್. ನಾನೇ ಮಾಡಿದ್ದು. ಸಿನಿಮಾಕ್ಕೆ.”

ಸಬ್ ಇನ್‌ಸ್ಪೆಕ್ಟರ್ ನಂಬಲಿಲ್ಲ. “ಯಾರಮ್ಮ ನೀನು? ಆಚೆ ಹೋಗು,” ಎಂದ. ಅವಳು ಹೋಗಲಿಲ್ಲ. “ಮಣಿಕಟ್ಟಿನ ಮೇಲೆ ಕುಯ್ದು ನೋಡಿ ಸಾ. ಮೂಳೆ ಇಲ್ಲ. ಅಲ್ಯೂಮಿನಿಯಂ ತಂತಿ ಐತೆ ಒಳಗೆ. ನಾನೇ ಹಾಕಿದ್ದು.” ಕೊನೆಗೆ ಒಬ್ಬ ಪೇದೆ ಬ್ಲೇಡಿನಲ್ಲಿ ಕುಯ್ದ. ತಂತಿ ಹೊಳೆಯಿತು. 

ಜಿನಶ್ರೀ ದೊಡ್ಡತಾಯಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಅವ್ವಾ, ಅದು ನಿಮ್ ಮಗಳ ಕೈ ಅಲ್ಲ. ಸುಳ್ಳುಕೈ. ರಬ್ಬರ್ದು.”

ದೊಡ್ಡತಾಯಮ್ಮ ಅವಳ ಮುಖ ನೋಡಿದಳು, ಏಪ್ರನ್ ಮೇಲಿನ ಬಣ್ಣದ ಕಲೆ ನೋಡಿದಳು. “ನೀನ್ ಮಾಡ್ದಾ?” ಎಂದಳು.

“ಹೂಂ.”

ಹೊಡೆದಳು. ಒಂದೇಟಲ್ಲ. ಕೆನ್ನೆಗೆ, ಭುಜಕ್ಕೆ, ತಲೆಗೆ, ಕೆಸರಿನ ಕೈಯಲ್ಲೇ. ಹೆಂಗಸರು ಬಿಡಿಸಲು ಬಂದರು. ಜಿನಶ್ರೀ “ಬುಡಿ, ಹೊಡೀಲಿ,” ಎಂದಳು. ಜೀವನದಲ್ಲಿ ಮೊದಲ ಸಲ ಅವಳು ತಿರುಗಿ ಬೀಳಲಿಲ್ಲ.

ಆಮೇಲೆ ಸಬ್ ಇನ್‌ಸ್ಪೆಕ್ಟರ್ ಅಬ್ಬರಿಸತೊಡಗಿದ. ಸರ್ಕಾರಿ ಕೆಲಸಕ್ಕೆ ಅಡ್ಡಿ, ಸುಳ್ಳು ಸುದ್ದಿ, ಒಳಗೆ ಹಾಕ್ತೀನಿ, ಎರಡು ಜೀಪು ಡೀಸೆಲ್ ಯಾರ ಅಪ್ಪ ಕೊಡ್ತಾನೆ ಎಂದ. ಅವನ ಮಾತು ಮುಗಿಯುವ ಮೊದಲೇ ದೊಡ್ಡತಾಯಮ್ಮ ಎದ್ದು ನಿಂತಳು.

“ಸಾ, ನನ್ ಮಗ್ಳು ಓಗಿ ನಲವತ್ತೊಂದ್ ದಿನ ಆತು. ಅನ್ನೊಂದ್ ಸಲ ಬಂದಿವ್ನಿ ಟೇಸನ್ಗೆ. ‘ಯಾವನ್ ಜೊತೇಲೋ ಓಡೋಗವ್ಳೆ, ಬತ್ತಾಳೆ ಓಗಮ್ಮ’ ಅಂದ್ರಿ. ಒಂದ್ ಸಲಾನೂ ನಮ್ಮಟ್ಟಿ ತಾವ ಬರ್ನಿಲ್ಲ. ಇವತ್ತು ರಬ್ಬರ್ ಕೈಗೆ ಎರಡು ಜೀಪು ಬಂದವೆ. ನಾಯಿ ಬಂದೈತೆ.”

ನಾಯಿ ಹಿಡಿದಿದ್ದವನು ನಾಯಿಯನ್ನು ಜೀಪಿಗೆ ಹತ್ತಿಸಿದ.

ಸಂಜೆಯ ಹೊತ್ತಿಗೆ ಅತಿಶಯ್ ಮತ್ತು ಗೆಳೆಯರು ಠಾಣೆಗೆ ಬಂದರು, ಅವರ ಜೊತೆ ಅಪ್ಪಂದಿರೂ ಬಂದರು. ಶೂಟಿಂಗ್ ಮುಗಿಸಿ ಪ್ಯಾಕ್ ಮಾಡುವಾಗ ಮರೆತೆವು ಎಂದು ಹೇಳಿಕೆ ಬರೆದುಕೊಟ್ಟರು. ಹುಡುಗರು, ಓದುವವರು, ಎಚ್ಚರಿಕೆ ಕೊಟ್ಟು ಕಳಿಸಿದ್ದಾಯಿತು. ಜಿನಶ್ರೀಯ ಹೇಳಿಕೆಯನ್ನು ಮಾತ್ರ ಮೂರು ಸಲ ಬರೆಸಿಕೊಂಡರು. ‘ಕೈ ತಯಾರಿಸಿದವರು’ ಎಂಬ ಮಾತಿನ ಕೆಳಗೆ ಗೆರೆ ಎಳೆದರು.

ಠಾಣೆಯ ಹೊರಗೆ ಅವಳು ಅತಿಶಯ್‌ನ ಎದುರು ಆ ಕಾಗದ ಹಿಡಿದಳು. “ಇದನ್ನ ನೋಡ್ಕೊಂಡು ಬರ್ದಾ ನಂಗೆ ಚೀಟಿ?”

ಅವನು ನೆಲ ನೋಡಿದ. “ಇನ್‌ಸ್ಪಿರೇಷನ್ ಚಿಕ್ಕಮ್ಮಾ. ರಿಯಲ್ ಕೇಸ್ ಅಂದ್ರೆ...”

“ಮರ್ತಿದ್ದು ನಿಜಾನ?”

“ನಿಜ.”

ನಿಜವಲ್ಲ ಎಂದು ಗೊತ್ತಾದದ್ದು ಐದನೇ ದಿನ. ದೀಪಶ್ರೀ ಒಬ್ಬಳೇ ಲ್ಯಾಬಿಗೆ ಬಂದಳು. ಈ ಸಲ ಅವಳು ನಗುತ್ತಿರಲಿಲ್ಲ. “ಆಂಟೀ, ಇದು ನೀವು ನೋಡ್ಬೇಕು,” ಎಂದು ಫೋನ್ ಕೊಟ್ಟಳು.

ನಾಲೆಯ ಸೇತುವೆಯ ಮೇಲಿಂದ, ಉದ್ದ ಲೆನ್ಸಿನಲ್ಲಿ ತೆಗೆದ ದೃಶ್ಯ. ಬೆಳಿಗ್ಗೆ ಹೆಂಗಸರು ಬಟ್ಟೆ ಗಂಟು ಇಳಿಸುವುದರಿಂದ ಶುರುವಾಗುತ್ತದೆ. ಕೈ ನೋಡುತ್ತಾರೆ, ಓಡುತ್ತಾರೆ. ಏರಿಯ ಮೇಲೆ ದೊಡ್ಡತಾಯಮ್ಮ ಬರಿಗಾಲಲ್ಲಿ ಓಡಿ ಬರುತ್ತಾಳೆ, ಎಡವುತ್ತಾಳೆ, ಎದ್ದು ಓಡುತ್ತಾಳೆ. ನೀರಿಗೆ ಇಳಿದು ಆ ಕೈಯನ್ನು ಎದೆಗೆ ಅವಚಿಕೊಳ್ಳುತ್ತಾಳೆ. ಅವಳ ಕೂಗಿನ ಮೇಲೆ, ಕ್ಯಾಮೆರಾದ ಹತ್ತಿರದಿಂದ ಅತಿಶಯ್‌ನ ಪಿಸುಮಾತು: “ಬಂದ್ಲು, ಬಂದ್ಲು, ಅಮ್ಮ ಬಂದ್ಲು. ಕಟ್ ಮಾಡ್ಬೇಡ. ಮುಖಕ್ಕೆ ಹೋಗು.”

ಜಿನಶ್ರೀ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟಳು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಅರ್ಧ ಕೆತ್ತಿದ ಮೇಣವನ್ನು ಪಕ್ಕಕ್ಕೆ ಸರಿಸಿದಳು.

“ಸಿನಿಮಾದಲ್ಲಿ ಇದನ್ನ ಹಾಕ್ತಾರ?” ಎಂದು ಕೇಳಿದಳು.

“ಕ್ಲೈಮ್ಯಾಕ್ಸ್ ಇದೇ ಆಂಟೀ. ನಾನು ಬೇಡ ಅಂದೆ. ಈಗ ನನ್ನ ಗ್ರೂಪಿಂದ ತೆಗ್ದವ್ರೆ.”

ಜಿನಶ್ರೀ ಕಾಲೇಜಿಗೆ ಹೋದಳು. ವಿಭಾಗದ ಮುಖ್ಯಸ್ಥರು ಟೀ ತರಿಸಿದರು. ಹೊರಗೆ ನಿಂತು ಸಾರ್ವಜನಿಕ ಜಾಗವನ್ನು ಚಿತ್ರೀಕರಿಸಿದ್ದಾರೆ, ತಾಂತ್ರಿಕವಾಗಿ ತಪ್ಪಿಲ್ಲ, ಹುಡುಗರಲ್ಲಿ ಒಂದು ಸೃಜನಶೀಲತೆ ಇದೆ, ನೋಡೋಣ ಎಂದರು. ಟೀ ಮುಟ್ಟದೆ ಎದ್ದು ಬಂದಳು.

ಮರುದಿನ ಅಕ್ಕ ಬ್ರಾಹ್ಮಿ ಚನ್ನರಾಯಪಟ್ಟಣದಿಂದ ಬಂದಳು. ಹೊತ್ತು ಮುಳುಗುವ ಮೊದಲು ಇಬ್ಬರೂ ಊಟಕ್ಕೆ ಕೂತರು. ಅಕ್ಕ ಅನ್ನ ಕಲಸುತ್ತಲೇ ಅತ್ತಳು.

“ನಿನ್ ಮಡಿಲಲ್ಲಿ ಬೆಳ್ದ ಹುಡ್ಗ ಕಣೇ. ಅವ್ನ ಭವಿಷ್ಯ ಹಾಳ್ಮಾಡ್ತೀಯ? ಯಾರೂ ಸತ್ತಿಲ್ವಲ್ಲ?”

“ಆ ತಾಯಿ ಅವತ್ತು ಬೆಳಗ್ಗೆ ಎಂಟರಿಂದ ಮಧ್ಯಾನದವರ್ಗೂ ಮಗಳು ಸತ್ಲು ಅಂತ್ಲೇ ಬದುಕಿದ್ಲು ಅಕ್ಕ. ನಿನ್ ಮಗ ಅದನ್ನ ನೋಡ್ತಾ ನಿಂತಿದ್ದ. ಒಂದ್ ಮಾತು ಕೂಗಿ ಯೋಳಿದ್ರೆ ಸಾಕಿತ್ತು. ಯೋಳ್ನಿಲ್ಲ.”

“ಚಿಕ್ಕ ಹುಡ್ಗ...”

“ಇರುವೆ ಕಂಡ್ರೆ ಕಾಲೆತ್ತಿ ದಾಟೋದ್ ಕಲಿಸ್ದೋ ಅವ್ನಿಗೆ. ಇದನ್ನ ಕಲಿಸ್ನಿಲ್ಲ ಅಂತ ಕಾಣುತ್ತೆ.”

ಬ್ರಾಹ್ಮಿ ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಅಂದಿನಿಂದ ಅಕ್ಕತಂಗಿಯರ ಮಧ್ಯೆ ಮಾತಿಲ್ಲ.

ದಸರಾ ಕಳೆದ ಮೇಲೆ ಕಾಲೇಜಿನ ಸಭಾಂಗಣದಲ್ಲಿ ಚಿತ್ರಗಳ ಪ್ರದರ್ಶನ ಇಟ್ಟರು. ಜಿನಶ್ರೀ ಹಿಂದಿನ ದಿನವೇ ಕೊಪ್ಪಲಿಗೆ ಹೋಗಿ ದೊಡ್ಡತಾಯಮ್ಮನಿಗೆ ಎಲ್ಲ ಹೇಳಿದ್ದಳು, ವಿಡಿಯೋ ವಿಷಯವನ್ನೂ ಮುಚ್ಚಿಡಲಿಲ್ಲ. ‘ಬರ್ಲೇಬೇಕು ಅಂತಿಲ್ಲ’ ಎಂದಿದ್ದಳು. ದೊಡ್ಡತಾಯಮ್ಮ ಬಂದಳು. ಇಬ್ಬರೂ ಮೂರನೇ ಸಾಲಿನಲ್ಲಿ ಕೂತರು.

ಚಿತ್ರ ಶುರುವಾಯಿತು. ಪರದೆಯ ಮೇಲೆ ಜಿನಶ್ರೀಯ ಫೋನು, ಜಿನಶ್ರೀಯ ಪಿಸ್ತೂಲು, ಜಿನಶ್ರೀಯ ರಕ್ತ. ಹುಡುಗರು ಶಿಳ್ಳೆ ಹಾಕಿದರು. ಕೊನೆಗೆ ನಾಲೆಯ ಏರಿ ಕಾಣಿಸಿ, ದೂರದಲ್ಲಿ ಬರಿಗಾಲಿನ ಹೆಂಗಸು ಓಡಿಬರುವುದು ಕಂಡದ್ದೇ ತಡ, ಜಿನಶ್ರೀ ಎದ್ದಳು.

“ನಿಲ್ಸ್ರಿ! ಇದು ಆಕ್ಟಿಂಗ್ ಅಲ್ಲ. ಆ ತಾಯಿ ಇಲ್ಲೇ ಕೂತವ್ಳೆ.”

ಚಿತ್ರ ನಿಲ್ಲಲಿಲ್ಲ. ಅವಳು ವೇದಿಕೆಯ ಮೆಟ್ಟಿಲು ಹತ್ತಿ ಗೋಡೆಯ ಹತ್ತಿರದ ಪ್ರೊಜೆಕ್ಟರ್ ವೈರನ್ನು ಹಿಡಿದೆಳೆದಳು. ಪರದೆ ಕಪ್ಪಾಯಿತು. ಯಾರೋ ದೀಪ ಹಾಕಿದರು. ಆಗ ದೊಡ್ಡತಾಯಮ್ಮ ಸಾವಕಾಶವಾಗಿ ಎದ್ದು, ಮುಂದಿನ ಸಾಲಿನಲ್ಲಿ ಹೊಸ ಕೋಟು ತೊಟ್ಟು ಕೂತಿದ್ದ ಅತಿಶಯ್‌ನ ಎದುರು ಹೋಗಿ ನಿಂತಳು.

“ನೀನೇನಪ್ಪಾ ಅದು? ನಾ ಬಾಯ್ ಬಡ್ಕತಿದ್ದಾಗ ಮ್ಯಾಲೆ ನಿಂತಿದ್ದೋನು?”

ಅವನು ತಲೆ ಎತ್ತಲಿಲ್ಲ.

“ತಲೆ ಎತ್ತು. ನನ್ ಮಕ ಬೇಕಿತ್ತಲ್ಲ ನಿಂಗೆ? ನೋಡು.”

ಸಭಾಂಗಣದಲ್ಲಿ ನೂರು ಫೋನುಗಳಿದ್ದವು. ಮರುದಿನ ಆ ವಿಡಿಯೋ ಜಿಲ್ಲೆಯನ್ನೆಲ್ಲ ಸುತ್ತಿತು. ಅದರ ಜೊತೆಗೇ ದೊಡ್ಡತಾಯಮ್ಮ ಹೊರಗೆ ಬಂದು ಪತ್ರಕರ್ತರಿಗೆ ಹೇಳಿದ ಎರಡು ಜೀಪಿನ ಮಾತೂ ಸುತ್ತಿತು. ಕಾಲೇಜು ಅತಿಶಯ್‌ನನ್ನು ಒಂದು ಸೆಮಿಸ್ಟರ್ ಹೊರಗಿಟ್ಟಿತು, ದೃಶ್ಯವನ್ನು ಅಳಿಸಿ, ಮತ್ತೆಲ್ಲೂ ತೋರಿಸುವುದಿಲ್ಲವೆಂದು ಬರೆಸಿಕೊಂಡಿತು. ಪೊಲೀಸರಿಗೆ ಮೇಲಿನಿಂದ ಯಾರೋ ಬೈದಿರಬೇಕು. ಅಷ್ಟು ದಿನ ಆಗದ ಕೆಲಸ ಎರಡು ದಿನದಲ್ಲಿ ಆಯಿತು. ಕಾಣೆಯಾದ ಹುಡುಗಿಯ ಗೆಳತಿಯ ಫೋನಿಗೆ ಬಂದ ಕರೆಗಳನ್ನು ಹಿಡಿದು ಹುಡುಕಿದರೆ ಯಶಸ್ವಿನಿ ಹಿರೀಸಾವೆಯಲ್ಲಿದ್ದಳು. ಹೆದ್ದಾರಿ ಪಕ್ಕದ ಹೋಟೆಲಿನ ಅಡುಗೆಮನೆಯಲ್ಲಿ. ದಿನಕ್ಕೆ ನೂರು ಬಸ್ಸು, ಪೊಲೀಸ್ ಜೀಪುಗಳೂ ಸೇರಿ, ನಿಂತು ತಿಂಡಿ ತಿಂದು ಹೋಗುವ ಜಾಗ.

ಜಿನಶ್ರೀ ದೊಡ್ಡತಾಯಮ್ಮನ ಜೊತೆ ಹಿರೀಸಾವೆಗೆ ಹೋದಳು. ಯಶಸ್ವಿನಿ ತೆಂಗಿನಕಾಯಿ ತುರಿಯುತ್ತಿದ್ದವಳು ಅವ್ವನನ್ನು ಕಂಡು ಎದ್ದು ನಿಂತಳು, ಹತ್ತಿರ ಬರಲಿಲ್ಲ.

“ಸೋದರಮಾವುಂಗೆ ಕಟ್ತೀವಿ ಅಂದ್ರಲ್ಲ, ಅದ್ಕೇ ಬಂದೆ. ಬರಾಕಿಲ್ಲ ನಾನು,” ಎಂದಳು.

“ಒಂದ್ ಮಾತ್ ಯೋಳೋಕೇನಾಗಿತ್ತೇ? ಬದುಕಿವ್ನಿ ಅಂತ?” ದೊಡ್ಡತಾಯಮ್ಮ ಎರಡು ಹೆಜ್ಜೆ ಮುಂದೆ ಬಂದಳು.

“ಯೋಳಿದ್ರೆ ಬುಡ್ತಿದ್ರಾ? ಎಳ್ಕೊಂಡೋಗ್ತಿದ್ರಿ.” ಹುಡುಗಿ ಮಣಿಕಟ್ಟಿನಲ್ಲಿ ಕಣ್ಣೊರೆಸಿಕೊಂಡಳು. “ಕೈ ಸಿಕ್ಕಿದ್ ವಿಸ್ಯ ಇಲ್ಲೇ ಟೀವಿನಾಗೆ ನೋಡ್ದೆ. ಸತ್ಲು ಅಂತ್ಲೇ ತಿಳ್ಕಳ್ಳಿ, ಹುಡ್ಕದ್ನಾರ ಬುಡ್ತಾರೆ ಅಂತ ಸುಮ್ಕಾದೆ.”

ದೊಡ್ಡತಾಯಮ್ಮ ಮಗಳ ಮೇಲೆ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅದೇ ಕೈಯಲ್ಲಿ ಮಗಳ ಬಲಗೈ ಹಿಡಿದು, ಹೆಬ್ಬೆರಳಿನ ಬುಡವನ್ನು ಬಹಳ ಹೊತ್ತು ಉಜ್ಜಿದಳು. ಬಾ ಎಂದು ಕರೆಯಲಿಲ್ಲ. ಮದುವೆಯ ಮಾತೂ ಎತ್ತಲಿಲ್ಲ. “ತಿಂಗ್ಳಿಗೊಂದ್ ಸಲ ಪೋನ್ ಮಾಡು,” ಎಂದು ಹೊರಗೆ ಬಂದಳು.

ಹೋಟೆಲಿನ ಮುಂದೆ ಬಸ್ಸಿಗೆ ಕಾಯುವಾಗ ಅವಳು ಜಿನಶ್ರೀಯ ಕಡೆ ತಿರುಗಿದಳು.

“ನೀನು ಬಾಳ ಒಳ್ಳೇದ್ ಮಾಡ್ದೆ ಅಂತ ಎಲ್ರೂ ಯೋಳ್ತಾವ್ರೆ. ಆದ್ರೆ ಆ ಕೈ ನೀನ್ ಮಾಡ್ದಿದ್ರೆ ಅವ್ನು ಏನ್ ತಂದ್ ಇಡ್ತಿದ್ದ ಅಲ್ಲಿ? ಕಲೆ ಯಾರ್ದು ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತಾ ನೀನು?”

ಜಿನಶ್ರೀಗೆ ಉತ್ತರವಿತ್ತು. ಕೇಳಿದ್ದೆ, ಡೀಟೈಲ್ ಎಂದ, ನಂಬಿದೆ. ಆದರೆ ಕೇಳಿದ್ದು ಒಂದೇ ಸಲ. ಕೆಲಸ ಅಷ್ಟು ಚೆನ್ನಾಗಿ ಬರುತ್ತಿದ್ದಾಗ ಎರಡನೇ ಸಲ ಕೇಳಲು ಅವಳಿಗೇ ಮನಸ್ಸಿರಲಿಲ್ಲ. ಇಷ್ಟು ದಿನ ಎಲ್ಲರ ಮೇಲೆ ಉರಿದ ಸಿಟ್ಟಿನಲ್ಲಿ ಇದೊಂದು ಅವಳಿಗೆ ಕಂಡಿರಲಿಲ್ಲ.

“ಕೇಳ್ಬೇಕಾಗಿತ್ತು ಕಣವ್ವ,” ಎಂದಳು.

ಬಸ್ಸು ಬಂತು. ಇಬ್ಬರೂ ಹತ್ತಿದರು. ದೊಡ್ಡತಾಯಮ್ಮ ಮುಂದಿನ ಸೀಟಿನಲ್ಲಿ ಕೂತಳು, ಜಿನಶ್ರೀ ಎರಡು ಸೀಟು ಹಿಂದೆ. ಚನ್ನರಾಯಪಟ್ಟಣದಲ್ಲಿ ದೊಡ್ಡತಾಯಮ್ಮ ಹೊಳೆನರಸೀಪುರದ ಬಸ್ಸಿಗೆ ಇಳಿಯಬೇಕಿತ್ತು. ಬಾಗಿಲ ಹತ್ತಿರ ಹೋದವಳು ತಿರುಗಿ ನೋಡದೆಯೇ, “ಓಗ್ಬತ್ತೀನಿ,” ಎಂದು ಇಳಿದುಹೋದಳು.